ಶನಿಗೆ ಉಂಗುರವೇ ಇಲ್ಲ! ಟೆಲಿಸ್ಕೋಪ್ ಹಾಳಾ, ನನ್ನ ಕಣ್ಣು ಹಾಳಾ?

ಕೋಡಿಬಾಗದವ — 8 ಡಿಸೆಂಬರ್ 2025, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಾರವಾರದವನು, ಈ ಹವ್ಯಾಸಕ್ಕೆ ಹೊಸಬ. ದೀಪಾವಳಿ ಬೋನಸ್ಸಿನಲ್ಲಿ ಒಂದು ಟೆಲಿಸ್ಕೋಪ್ ತರಿಸಿದೆ. 70 ಮಿಲಿಮೀಟರ್ ಲೆನ್ಸು, 700 ಮಿಲಿಮೀಟರ್ ಫೋಕಲ್ ಲೆಂಗ್ತು. ಹತ್ತು ಸಾವಿರದ ಹತ್ತಿರ ಹೋಯಿತು. ಡಬ್ಬದ ಮೇಲೆ 525 ಪಟ್ಟು ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಪಕ್ಕದಲ್ಲೇ ಶನಿಯ ಬಣ್ಣದ ಚಿತ್ರ, ಉಂಗುರ ಸಮೇತ.

ನಾಲ್ಕು ರಾತ್ರಿ ಟೆರೇಸಿನಲ್ಲಿ ಕೂತೆ. ಮೊದಲ ಎರಡು ರಾತ್ರಿ ಪಕ್ಕದ ಮನೆಯ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಸಿಗಲಿಲ್ಲ. ಮೂರನೇ ರಾತ್ರಿ ಶನಿ ಸಿಕ್ಕಿದ. ಆದರೆ ಉಂಗುರ ಇಲ್ಲ! ಒಂದು ಹಳದಿ ಉಂಡೆ, ಅಷ್ಟೇ. ತುಂಬಾ ಹೊತ್ತು ಕಣ್ಣಿಟ್ಟರೆ ಉಂಡೆಯ ಎರಡೂ ಕಡೆ ಸೂಜಿಮೊನೆಯ ಹಾಗೆ ಏನೋ ಇದೆಯೇನೋ ಅನ್ನಿಸುತ್ತದೆ. ಮರುಕ್ಷಣ ಇಲ್ಲ. ಮಾರಿದವರಿಗೆ ಫೋನ್ ಮಾಡಿದರೆ 'ಫೋಕಸ್ ಸರಿ ಮಾಡಿ ಸರ್' ಅಂತ ಇಟ್ಟುಬಿಟ್ಟರು. ಹೆಂಡತಿ ಟ್ರೈಪಾಡನ್ನು ಬಟ್ಟೆ ಒಣಗಿಸುವುದಕ್ಕೆ ಕೇಳುತ್ತಿದ್ದಾಳೆ. ಆಯಿಯಂತೂ ಹತ್ತಿರವೇ ಬರುವುದಿಲ್ಲ. 'ಶನಿಯನ್ನ ಯಾರಾದ್ರೂ ಕರೆದು ನೋಡ್ತಾರಾ?' ಅನ್ನುತ್ತಾಳೆ.

ಲೆನ್ಸ್ ಹಾಳಾ? ವಾಪಸ್ ಕಳಿಸಲಾ? ಇನ್ನು ಮೂರು ದಿನ ಟೈಮಿದೆ.

ಘಟ್ಟದ ಮೇಲಿನವ — 8 ಡಿಸೆಂಬರ್, ರಾತ್ರಿ 10:15

ಕಳಿಸಬೇಡ ಮಾರಾಯ. ಟೆಲಿಸ್ಕೋಪ್ ಸರಿ ಇದೆ. ಕಣ್ಣೂ ಸರಿ ಇದೆ. ಈ ವರ್ಷ ಶನಿಯೇ ಹಾಗಿದ್ದಾನೆ.

ಶನಿಯ ಉಂಗುರವನ್ನು ಒಂದು ಹಲಸಿನ ಹಪ್ಪಳ ಅಂದುಕೋ. ಎದುರಿಗೆ ಹಿಡಿದರೆ ಅಗಲ ಕಾಣುತ್ತದೆ. ಅಡ್ಡ ತಿರುಗಿಸಿ ಅಂಚನ್ನು ಕಣ್ಣಿಗೆ ನೇರ ಹಿಡಿದರೆ ಬರೀ ಗೆರೆ. ಶನಿ ತನ್ನ ಅಚ್ಚಿನಲ್ಲಿ ಸುಮಾರು 27 ಡಿಗ್ರಿ ವಾಲಿಕೊಂಡೇ ಸೂರ್ಯನನ್ನು ಸುತ್ತುತ್ತಾನೆ. ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ. ಆ ಸುತ್ತಿನಲ್ಲಿ ಎರಡು ಸಲ ಉಂಗುರದ ಅಂಚು ನಮ್ಮ ಕಡೆಗೆ ನೇರ ಬರುತ್ತದೆ. ಹಿಂದಿನ ಸಲ 2009ರಲ್ಲಿ ಹೀಗಾಗಿತ್ತು. ಈ ಸಲ ಮಾರ್ಚ್ 23ಕ್ಕೆ. ಆಗ ಶನಿ ಸೂರ್ಯನ ಪಕ್ಕದಲ್ಲೇ ಇದ್ದ, ಯಾರಿಗೂ ನೋಡುವುದಕ್ಕೆ ಆಗಲಿಲ್ಲ. ನಡುವೆ ಜುಲೈ ಹೊತ್ತಿಗೆ ಸ್ವಲ್ಪ ತೆರೆದುಕೊಂಡು, ನಮ್ಮ ಭೂಮಿಯ ಓಡಾಟದಿಂದಾಗಿ ನವೆಂಬರಿನಲ್ಲಿ ಮತ್ತೆ ಮುಚ್ಚಿಕೊಂಡಿತು. ಈಗ ಓರೆ ಒಂದು ಡಿಗ್ರಿಗೂ ಕಡಿಮೆ. ನೀನು ಆ ಸೂಜಿಮೊನೆ ಕಂಡಿದ್ದೀಯಲ್ಲ, ಅದೇ ಉಂಗುರ. 70 ಎಂಎಂನಲ್ಲಿ ಅದು ಕಂಡಿದ್ದೇ ದೊಡ್ಡದು.

ಎಷ್ಟು ತೆಳು ಗೊತ್ತಾ? ಮುಖ್ಯ ಉಂಗುರಗಳ ಅಡ್ಡಗಲ ಸುಮಾರು 2.7 ಲಕ್ಷ ಕಿಲೋಮೀಟರ್. ದಪ್ಪ ಹೆಚ್ಚಿನ ಕಡೆ ಹತ್ತು ಮೀಟರ್ ಆಸುಪಾಸು. ನಮ್ಮ ಮನೆಯ ಅಡಿಕೆ ಮರ ಅದಕ್ಕಿಂತ ಎತ್ತರ. ಅದನ್ನು ನಿಜವಾಗಿಯೂ ಹಪ್ಪಳದಷ್ಟು ಅಗಲಕ್ಕೆ ಕುಗ್ಗಿಸಿದರೆ, ದಪ್ಪ ಬರೆಯುವ ಕಾಗದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ ಆಗುತ್ತದೆ. ಅಂಥ ಹಪ್ಪಳ ನಮ್ಮ ಆಯಿಯೂ ಒತ್ತಲಾರಳು.

ಇನ್ನೊಂದು. ನಿನಗಾದ ಗಾಬರಿ ಗೆಲಿಲಿಯೋಗೂ ಆಗಿತ್ತು. 1610ರಲ್ಲಿ ಅವನು ಶನಿಯ ಎರಡು ಪಕ್ಕ ಎರಡು ಉಂಡೆ ಕಂಡ. 1612ರಲ್ಲಿ ನೋಡಿದರೆ ಎರಡೂ ಮಾಯ. ಶನಿ ತನ್ನ ಮಕ್ಕಳನ್ನೇ ನುಂಗಿಬಿಟ್ಟನಾ ಅಂತ ಕೇಳಿಕೊಂಡ. ಅದು ಉಂಗುರ ಅಂತ ಡಚ್ ವಿಜ್ಞಾನಿ ಹೈಗೆನ್ಸ್ ಬಿಡಿಸಿ ಬರೆದದ್ದು 1659ರಲ್ಲಿ.

ಕೋಡಿಬಾಗದವ — 8 ಡಿಸೆಂಬರ್, ರಾತ್ರಿ 10:31

ಅಂದರೆ ಹದಿನೈದು ವರ್ಷಕ್ಕೊಮ್ಮೆ ಉಂಗುರ ಕಾಣದ ವರ್ಷವನ್ನೇ ಹುಡುಕಿ ಟೆಲಿಸ್ಕೋಪ್ ಕೊಂಡಿದ್ದೇನೆ. ನನ್ನ ಅದೃಷ್ಟ ನೋಡಿ.

ಘಟ್ಟದ ಮೇಲಿನವ — 8 ಡಿಸೆಂಬರ್, ರಾತ್ರಿ 10:34

ಇನ್ನು ಮೇಲೆ ವರ್ಷ ವರ್ಷ ತೆರೆಯುತ್ತಲೇ ಹೋಗುತ್ತದೆ. 2032ರ ಹೊತ್ತಿಗೆ ಪೂರ್ತಿ ಅಗಲ. ಅಲ್ಲಿಯವರೆಗೆ ಲೆನ್ಸಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೋ.

ಮತ್ತೆ ಆ 525 ಮರೆತುಬಿಡು. 700ನ್ನು ಐಪೀಸಿನ, ಅಂದರೆ ಕಣ್ಣಿಡುವ ಸಣ್ಣ ಲೆನ್ಸಿನ, ನಂಬರಿನಿಂದ ಭಾಗಿಸು. 20 ಹಾಕಿದರೆ 35 ಪಟ್ಟು, 10 ಹಾಕಿದರೆ 70 ಪಟ್ಟು. ಲೆನ್ಸಿನ ಮಿಲಿಮೀಟರಿನ ಎರಡರಷ್ಟು, ಅಂದರೆ ನಿನ್ನದಕ್ಕೆ 140, ಅದರ ಮೇಲೆ ಹೋದರೆ ಸಿಗುವುದು ದೊಡ್ಡ ಮಸುಕು. ಡಬ್ಬದಲ್ಲಿ ಬಂದ, ಪಟ್ಟು ಹೆಚ್ಚಿಸುವ ಆ ಬಾರ್ಲೋ ಲೆನ್ಸನ್ನು ಮಕ್ಕಳ ಆಟಕ್ಕೆ ಕೊಡು.

ನಿವೃತ್ತ ಮಾಸ್ತರ — 9 ಡಿಸೆಂಬರ್, ಬೆಳಿಗ್ಗೆ 6:50

ತಮ್ಮಾ, ಶನಿಯನ್ನು ಬಿಡು, ಗುರುವನ್ನು ಹಿಡಿ. ಈಗ ರಾತ್ರಿ ಎಂಟೂವರೆಗೆ ಮೂಡುತ್ತಾನೆ. ಆದರೆ ನಿಮಗೆ ಪೂರ್ವಕ್ಕೆ ಗುಡ್ಡ. ಒಂಬತ್ತೂವರೆ, ಹತ್ತರವರೆಗೆ ಕಾಯಬೇಕು. ಮಿಥುನ ರಾಶಿಯಲ್ಲಿದ್ದಾನೆ. ಆ ಹೊತ್ತಿಗೆ ಆಕಾಶದಲ್ಲಿ ಚಂದ್ರನನ್ನು ಬಿಟ್ಟರೆ ಅವನಷ್ಟು ಹೊಳೆಯುವುದು ಇನ್ನೊಂದಿಲ್ಲ, ತಪ್ಪುವ ಮಾತೇ ಇಲ್ಲ. 35 ಪಟ್ಟು ಸಾಕು. ಪಕ್ಕದಲ್ಲಿ ಒಂದೇ ಗೆರೆಯಲ್ಲಿ ಚುಕ್ಕಿಗಳು ಕಾಣುತ್ತವೆ. ಅವು ಅವನ ಚಂದ್ರಗಳು, ಗೆಲಿಲಿಯೋ 1610ರ ಜನವರಿಯಲ್ಲಿ ಕಂಡ ನಾಲ್ಕು. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾ ಒಂದು ಗೆರೆ ಹಾಕಿ ಚುಕ್ಕಿ ಗುರುತು ಮಾಡು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಮಕ್ಕಳಿಂದ ಮಾಡಿಸಿದ್ದೇನೆ. ಮೂರನೇ ದಿನಕ್ಕೆ ಮಕ್ಕಳೇ 'ಮಾಸ್ತರೇ, ಇವು ಸುತ್ತುತ್ತಿವೆ' ಅನ್ನುತ್ತಾರೆ. ನಾವು ಹೇಳಿಕೊಡುವುದು ಏನೂ ಇರುವುದಿಲ್ಲ.

ಮೊದಲು ಹಗಲಿನಲ್ಲಿ ಫೈಂಡರ್, ಅಂದರೆ ಕೊಳವೆಯ ಮೇಲೆ ಗುರಿ ಹಿಡಿಯಲು ಇರುವ ಸಣ್ಣ ದುರ್ಬೀನು, ಸರಿ ಮಾಡಿಕೋ. ದೂರದ ಮೊಬೈಲ್ ಟವರ್, ಇಲ್ಲವೇ ಸಮುದ್ರ ಕಾಣುವುದಾದರೆ ದೇವಗಡ ದ್ವೀಪದ ದೀಪಸ್ತಂಭ. ದೊಡ್ಡ ಕೊಳವೆಯಲ್ಲಿ ಅದನ್ನು ನಡುವಿಗೆ ತಂದು, ಆಮೇಲೆ ಫೈಂಡರಿನ ತಿರುಪು ತಿರುಗಿಸಿ ಅಲ್ಲಿಯೂ ನಡುವಿಗೆ ತರಬೇಕು. ನಿನ್ನ ಮೊದಲ ಎರಡು ರಾತ್ರಿ ಹಾಳಾದದ್ದು ಇದರಿಂದಲೇ. ಸೂರ್ಯನ ಕಡೆ ಮಾತ್ರ ಎಂದಿಗೂ ತಿರುಗಿಸಬೇಡ.

ಕುಮಟೆ ಅಕ್ಕೋರು — 9 ಡಿಸೆಂಬರ್, ಸಂಜೆ 5:20

ಬೂಷ್ಟಿನ ಮಾತು ಬಂತಲ್ಲ, ನನ್ನ ಕತೆ ಹೇಳಿಬಿಡುತ್ತೇನೆ.

ನಮ್ಮಲ್ಲಿ ಮಳೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಚೆ ಈಚೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಅನ್ನುವುದೇ ಇಲ್ಲ. ಆಗಸ್ಟಿನ ಪರ್ಸೀಡ್ ಉಲ್ಕೆಗಳನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದು. ಮೊನ್ನೆ ಸೆಪ್ಟೆಂಬರ್ 7ರ ಪೂರ್ಣ ಚಂದ್ರಗ್ರಹಣಕ್ಕೂ ಕೊಡೆ ಹಿಡಿದು ನಿಂತದ್ದೇ ಬಂತು. ಆ ನಾಲ್ಕು ತಿಂಗಳು ದುರ್ಬೀನು ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಮೊದಲ ವರ್ಷ ನನಗೆ ಬುದ್ಧಿ ಇರಲಿಲ್ಲ. ಮೆತ್ತನೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟೆ. ಅಕ್ಟೋಬರಿನಲ್ಲಿ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆ! ಎಳೆ ಎಳೆಯಾಗಿ ಕವಲೊಡೆದು ಅಂಚಿನಿಂದ ನಡುವಿಗೆ ಬಂದಿತ್ತು. ಅಂಗಡಿಯೊಂದಕ್ಕೆ ಕೊಟ್ಟೆ. ಅವರು ಏನು ಹಾಕಿ ಉಜ್ಜಿದರೋ, ಬೂಷ್ಟಿನ ಜೊತೆ ಲೆನ್ಸಿನ ನೀಲಿ ಲೇಪವೂ ಹೋಯಿತು.

ಈಗ ಮಾಡುವುದು ಇಷ್ಟು. ರಬ್ಬರ್ ಅಂಚಿನ ಗಟ್ಟಿ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಹರಳು. ಅದು ಬಣ್ಣ ತಿರುಗಿದಾಗ ಬಾಣಲೆಯಲ್ಲಿ ಹುರಿದರೆ ಮತ್ತೆ ಸರಿಯಾಗುತ್ತದೆ. ಬಟ್ಟೆ, ಚರ್ಮದ ಚೀಲ ಬೇಡವೇ ಬೇಡ, ತೇವ ಹಿಡಿಯುವುದೇ ಅವು. ಅಕ್ಕಿ ಡಬ್ಬದಲ್ಲಿಡಿ ಅಂತ ಹೇಳುವವರಿದ್ದಾರೆ. ಇಟ್ಟು ನೋಡಿದ್ದೇನೆ. ತೌಡಿನ ಪುಡಿ ಫೋಕಸ್ ಹಲ್ಲಿನೊಳಗೆ ಹೋಗಿ ಕಿರ್ ಕಿರ್ ಅನ್ನುತ್ತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಪಟ್ಟೆ ಸೀರೆಯ ಕಪಾಟಿಗೆ ಸಣ್ಣ ಬಲ್ಬ್ ಉರಿಸಿಡುತ್ತೇವಲ್ಲ, ಅದೂ ನಡೆಯುತ್ತದೆ. ಹಳೇ ಕಾಲದ ಬಿಸಿಯಾಗುವ ಬಲ್ಬ್ ಬೇಕು, ಎಲ್‌ಇಡಿ ಹಾಕಿದರೆ ಪ್ರಯೋಜನ ಇಲ್ಲ.

ಘಟ್ಟದ ಮೇಲಿನವ — 9 ಡಿಸೆಂಬರ್, ಸಂಜೆ 7:05

ಅಕ್ಕೋರು ಹೇಳಿದ್ದು ಮಳೆಗಾಲದ್ದು. ಈಗಿನ ತೊಂದರೆ ಇಬ್ಬನಿ. ಶಿರಸಿಯಲ್ಲಿ ರಾತ್ರಿ ಹನ್ನೊಂದಕ್ಕೆ ಲೆನ್ಸ್ ಮೇಲೆ ನೀರು ಕೂತುಬಿಡುತ್ತದೆ. ಒರೆಸಿದರೆ ಗೀರು ಬೀಳುತ್ತದೆ. ಕೊಳವೆಯ ಮುಂದೆ ಇನ್ನೊಂದು ಉದ್ದ ಕೊಳವೆ ಸಿಕ್ಕಿಸಬೇಕು. ಪೇಟೆಯಲ್ಲಿ ಇದಕ್ಕೆ ಡ್ಯೂ ಶೀಲ್ಡ್ ಅಂತ ಒಂದೂವರೆ ಸಾವಿರ ಕೇಳಿದರು. ನಾನು ಒಂದು ಅಗಲ ಅಡಿಕೆ ಹಾಳೆ ತಂದು, ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಕೊಳವೆಗೆ ಸುತ್ತಿ, ದಾರ ಕಟ್ಟಿ ಒಣಗಿಸಿದೆ. ಹಾಳೆ ಟೊಪ್ಪಿ ಮಾಡುವವರಿಗೆ ಇದು ಹೊಸದಲ್ಲ. ಒಳಗೆ ಕಪ್ಪು ಬಣ್ಣ ಬಳಿದೆ. ಎರಡು ವರ್ಷ ಆಯಿತು, ಮಧ್ಯರಾತ್ರಿವರೆಗೆ ಲೆನ್ಸ್ ಒಣ ಇರುತ್ತದೆ. ಒಂದೇ ಕಷ್ಟ, ಮನೆಯ ದನ ಒಮ್ಮೆ ತಿನ್ನಲು ಬಂದಿತ್ತು.

ಬೋಟಿನವ — 9 ಡಿಸೆಂಬರ್, ರಾತ್ರಿ 8:48

ಕಾರವಾರದ ಟೆರೇಸಿನಲ್ಲಿ ಏನು ಕಾಣುತ್ತದೆ ಮಾರಾಯ್ರೆ? ಒಂದು ಕಡೆ ಹೆದ್ದಾರಿ, ಒಂದು ಕಡೆ ಬಂದರಿನ ದೀಪ. ದಡ ಬಿಟ್ಟು ಎರಡು ತಾಸು ಹೋದರೆ ಗೊತ್ತಾಗುತ್ತದೆ ಆಕಾಶ ಅಂದರೆ ಏನು ಅಂತ. ಆದರೆ ಈಗ ಅಲ್ಲಿಯೂ ಹಾಳಾಗಿದೆ. ದೊಡ್ಡ ದೊಡ್ಡ ಎಲ್‌ಇಡಿ ಉರಿಸಿ ಮೀನು ಕರೆಯುತ್ತಾರೆ. 2017ರಲ್ಲೇ ನಿಷೇಧ ಆಗಿದೆ. ಆದರೂ ಕೆಲವು ರಾತ್ರಿ ಪಶ್ಚಿಮದ ಅಂಚಿನಲ್ಲಿ ಊರೇ ಇದೆಯೇನೋ ಅನ್ನುವಷ್ಟು ಬೆಳಕು. ಮೀನೂ ಹೋಯಿತು, ನಕ್ಷತ್ರವೂ ಹೋಯಿತು.

ನನ್ನ ಅಪ್ಪ ಧ್ರುವ ನೋಡಿ ದೋಣಿ ತಿರುಗಿಸುತ್ತಿದ್ದ. ನನಗೆ ಜಿಪಿಎಸ್ ಇದೆ, ಹಾಗಾಗಿ ಧ್ರುವ ಯಾವುದು ಅಂತ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಹೇಳಿ.

ನಿವೃತ್ತ ಮಾಸ್ತರ — 10 ಡಿಸೆಂಬರ್, ಬೆಳಿಗ್ಗೆ 6:35

ಉತ್ತರಕ್ಕೆ ಮುಖ ಮಾಡಿ ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿ. ಒಂದು ಮುಷ್ಟಿ ಹತ್ತು ಡಿಗ್ರಿ. ಸಮುದ್ರದ ಅಂಚಿನಿಂದ ಒಂದೂವರೆ ಮುಷ್ಟಿ ಮೇಲೆ ಸಾಧಾರಣ ಹೊಳಪಿನ ಒಂಟಿ ನಕ್ಷತ್ರ. ಅದೇ ಧ್ರುವ. ಬಹಳ ಹೊಳೆಯುತ್ತದೆ ಅಂತ ಎಲ್ಲರೂ ತಿಳಿದಿರುತ್ತಾರೆ, ಹಾಗೇನಿಲ್ಲ. ಕಾರವಾರ ಇರುವುದು 14.8 ಡಿಗ್ರಿ ಅಕ್ಷಾಂಶದಲ್ಲಿ, ಧ್ರುವ ಕಾಣುವುದೂ ಸುಮಾರು ಅಷ್ಟೇ ಎತ್ತರದಲ್ಲಿ. ಉತ್ತರಕ್ಕೆ ಹೋದಷ್ಟೂ ಏರುತ್ತದೆ. ಮುಂಬಯಿಯಲ್ಲಿ ಸುಮಾರು ಎರಡು ಮುಷ್ಟಿ.

ಹಿಂದೆ ಈ ಸಮುದ್ರದಲ್ಲಿ ಓಡಾಡುತ್ತಿದ್ದ ಅರಬ್ಬೀ ನಾವಿಕರು ಇದನ್ನೇ ಬಳಸುತ್ತಿದ್ದರು. ಕಮಾಲ್ ಅಂತ ಒಂದು ಸಣ್ಣ ಹಲಗೆ, ಅದಕ್ಕೆ ಗಂಟು ಹಾಕಿದ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚು ಸಮುದ್ರಕ್ಕೆ, ಮೇಲಂಚು ಧ್ರುವಕ್ಕೆ ಕೂರಿಸುವುದು. ಎಷ್ಟನೇ ಗಂಟು ಅಂತ ನೋಡಿದರೆ ತಮ್ಮ ಬಂದರಿನ ನೇರಕ್ಕೆ ಬಂದೆವೋ ಇಲ್ಲವೋ ಗೊತ್ತಾಗುತ್ತಿತ್ತು.

ದಕ್ಷಿಣದಲ್ಲೂ ನಮಗೊಂದು ಲಾಭ ಇದೆ. ದಿಲ್ಲಿಯವರು ಅಗಸ್ತ್ಯ ನಕ್ಷತ್ರವನ್ನು ದಿಗಂತದ ಧೂಳಿನಲ್ಲಿ ಹುಡುಕಬೇಕು. ನಮಗೆ ಅದು ಇಪ್ಪತ್ತೆರಡು ಡಿಗ್ರಿವರೆಗೂ ಏರುತ್ತದೆ. ಮೇ ನಡುವೆ ರಾತ್ರಿ ಒಂಬತ್ತೂವರೆಗೆ ತ್ರಿಶಂಕು ನಕ್ಷತ್ರಪುಂಜ ದಕ್ಷಿಣದಲ್ಲಿ ನೆಟ್ಟಗೆ ನಿಂತಿರುತ್ತದೆ, ಮಳೆ ಮೋಡ ಬೇಗ ಬರದಿದ್ದರೆ.

ಸುಮ್ನೆ ಕೇಳ್ತಿದ್ದೇನೆ — 10 ಡಿಸೆಂಬರ್, ಮಧ್ಯಾಹ್ನ 1:12

ಶನಿಯನ್ನು ದುರ್ಬೀನಿನಲ್ಲಿ ನೋಡಿದರೆ ಸಾಡೇಸಾತಿ ಹಿಡಿಯುವುದಿಲ್ಲವಾ? ತಮಾಷೆಗಲ್ಲ. ನಮ್ಮ ಮನೆಯಲ್ಲೂ ಇದೇ ಜಗಳ.

ಘಟ್ಟದ ಮೇಲಿನವ — 10 ಡಿಸೆಂಬರ್, ಮಧ್ಯಾಹ್ನ 1:40

ಹಿಡಿಯುತ್ತದೋ ಬಿಡುತ್ತದೋ ನಿಮ್ಮ ನಿಮ್ಮ ನಂಬಿಕೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಆ ಏಳೂವರೆ ಎಲ್ಲಿಂದ ಬಂತು ಅಂತ ಲೆಕ್ಕ ಹಾಕಿ ನೋಡಿ. ಶನಿಯ ಒಂದು ಸುತ್ತು ಇಪ್ಪತ್ತೊಂಬತ್ತೂವರೆ ವರ್ಷ. ಹನ್ನೆರಡು ರಾಶಿಗೆ ಹಂಚಿದರೆ ಒಂದಕ್ಕೆ ಎರಡೂವರೆ. ನಿಮ್ಮ ರಾಶಿ, ಅದರ ಹಿಂದಿನದು, ಮುಂದಿನದು. ಮೂರು ಎರಡೂವರೆ ಏಳೂವರೆ. ಇದನ್ನು ಯಾರೋ ಅಂಗಳದಲ್ಲಿ ಕೂತು, ಆಕಾಶ ನೋಡಿ, ಮೂವತ್ತು ವರ್ಷ ಗುರುತು ಹಾಕಿಯೇ ಕಂಡುಕೊಂಡದ್ದು. ಶನಿಯನ್ನು ನೋಡಬಾರದು ಅಂತಿದ್ದರೆ ಸಾಡೇಸಾತಿಯ ಲೆಕ್ಕವೇ ಹುಟ್ಟುತ್ತಿರಲಿಲ್ಲ, ಅಲ್ವಾ?

ಕೋಡಿಬಾಗದವ — 10 ಡಿಸೆಂಬರ್, ರಾತ್ರಿ 10:50

ಗುರು ಸಿಕ್ಕಿದ! ಚುಕ್ಕಿಗಳೂ ಸಿಕ್ಕವು! ಹೆಂಡತಿಯನ್ನು ಕರೆದು ತೋರಿಸಿದೆ. ಟ್ರೈಪಾಡ್ ಉಳಿಯಿತು.

ಇನ್ನೊಂದು ಪ್ರಶ್ನೆ. 13ರ ರಾತ್ರಿ ಉಲ್ಕೆ ಮಳೆ ಅಂತ ಓದಿದೆ. ಎಲ್ಲಿಗೆ ಹೋಗಬೇಕು? ತಿಳಮಾತಿ? ಮಾಜಾಳಿ? ದೇವಿಮನೆ ಘಟ್ಟ?

ಬೋಟಿನವ — 10 ಡಿಸೆಂಬರ್, ರಾತ್ರಿ 11:02

ತಿಳಮಾತಿಗೆ ರಾತ್ರಿ ಗುಡ್ಡ ಹತ್ತಿ ಇಳಿಯುವುದು ಬೇಡ. ಬಂಡೆ ಜಾರುತ್ತದೆ. ಮಾಜಾಳಿ ದಂಡೆ ಆಗಬಹುದು.

ಕುಮಟೆ ಅಕ್ಕೋರು — 11 ಡಿಸೆಂಬರ್, ಬೆಳಿಗ್ಗೆ 7:25

ಘಟ್ಟಕ್ಕೆ ಹೋಗಿ, ಬೀಚಿಗೆ ಹೋಗಿ ಅಂತ ಹೇಳುವುದು ಗಂಡಸರಿಗೆ ಸುಲಭ. ರಾತ್ರಿ ಎರಡು ಗಂಟೆಗೆ ನಾನು ದೇವಿಮನೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ಆಕಾಶ ನೋಡುತ್ತಿದ್ದೇನೆ ಅಂದರೆ ಯಾರು ನಂಬುತ್ತಾರೆ? ಕಾಡಿನವರು ಕೇಳುತ್ತಾರೆ, ಪೊಲೀಸರು ಕೇಳುತ್ತಾರೆ, ಮರುದಿನ ಊರು ಕೇಳುತ್ತದೆ. ಹತ್ತು ವರ್ಷದಿಂದ ನಾನು ನೋಡಿದ್ದೆಲ್ಲ ಮನೆಯ ಹಿತ್ತಿಲಿನಿಂದ, ತೆಂಗಿನ ಮರಗಳ ನಡುವಿನ ಸಂದಿಯಿಂದ. ಯಾವ ನಕ್ಷತ್ರ ಎಷ್ಟು ಹೊತ್ತಿಗೆ ಯಾವ ಗರಿಯಿಂದ ಹೊರಬರುತ್ತದೆ ಅಂತ ಬಾಯಿಪಾಠ ಆಗಿದೆ.

ಉಲ್ಕೆಗೆ ದುರ್ಬೀನೂ ಬೇಡ. ಬೀದಿ ದೀಪ ಕಣ್ಣಿಗೆ ಹೊಡೆಯದ ಮೂಲೆ, ಒಂದು ಚಾಪೆ, ಕಂಬಳಿ. ಮೊಬೈಲ್ ಒಳಗೆ ಬಿಟ್ಟು ಬನ್ನಿ. ಕತ್ತಲೆಗೆ ಕಣ್ಣು ಹೊಂದಲು ಇಪ್ಪತ್ತು ನಿಮಿಷ ಬೇಕು. ಒಮ್ಮೆ ವಾಟ್ಸಾಪ್ ನೋಡಿದರೆ ಮತ್ತೆ ಮೊದಲಿನಿಂದ.

ಘಟ್ಟದ ಮೇಲಿನವ — 11 ಡಿಸೆಂಬರ್, ಬೆಳಿಗ್ಗೆ 9:10

ಅಕ್ಕೋರು ಹೇಳಿದ್ದಕ್ಕೆ ನನ್ನದೂ ಒಂದು ಮತ. 13ರ ಉಲ್ಕೆ ಮಳೆಯ ಹೆಸರು ಜೆಮಿನಿಡ್, ಕರಾವಳಿಗೆ ಅದೊಂದೇ ನಂಬುವಂಥ ಉಲ್ಕಾಪಾತ. ಡಿಸೆಂಬರ್, ಮೋಡ ಕಡಿಮೆ. ಈ ಸಲ ಚಂದ್ರ ಹುಟ್ಟುವುದೂ ರಾತ್ರಿ ಎರಡರ ಹೊತ್ತಿಗೆ. ಉಲ್ಕೆಗಳು ಹೊರಡುವ ಹಾಗೆ ಕಾಣುವ ಜಾಗ ಪುನರ್ವಸುವಿನ ಜೋಡಿ ನಕ್ಷತ್ರದ ಹತ್ತಿರ, ಅಂದರೆ ಈಗ ನಿನ್ನ ಗುರು ಇರುವ ಕಡೆಯೇ. ಬೇರೆ ಉಲ್ಕಾಪಾತಗಳು ಹೆಚ್ಚಾಗಿ ಧೂಮಕೇತು ಬಿಟ್ಟ ಧೂಳು. ಇದು ಮಾತ್ರ 1983ರಲ್ಲಿ ಸಿಕ್ಕ ಫೇಥಾನ್ ಅನ್ನುವ ಕ್ಷುದ್ರಗ್ರಹದ್ದು.

ಪುನರ್ವಸು ಅಂದಾಗ ನೆನಪಾಯಿತು. ಇದು ವಿಷಯಕ್ಕೆ ಸ್ವಲ್ಪ ಹೊರಗಿನದು, ಉದ್ದವೂ ಇದೆ.

ನಮ್ಮ ಅಪ್ಪಯ್ಯನಿಗೆ 74. ತೋಟದ ಮನುಷ್ಯ. ಅಡಿಕೆಯ ಕೊಳೆ ರೋಗಕ್ಕೆ ಮೊದಲ ಮದ್ದು ಮೃಗಶಿರದಲ್ಲಿ ಹೊಡೆಯಬೇಕು, ಎರಡನೆಯದು ಪುನರ್ವಸು, ಪುಷ್ಯದ ಹೊತ್ತಿಗೆ. ಆರಿದ್ರಾ ಮಳೆ ಹಿಡಿದರೆ ಬಿಡುವುದಿಲ್ಲ. ಎಲ್ಲ ನಕ್ಷತ್ರವೂ ಅವರಿಗೆ ಗೊತ್ತು, ಮಳೆಯ ಹೆಸರಾಗಿ. ಹೋದ ವರ್ಷ ಇದೇ ತಿಂಗಳು ನಾನು ದುರ್ಬೀನು ಹಿಡಿದು ಹೊರಟಾಗ 'ಎಂತ ನೋಡ್ತೆ?' ಅಂದರು. ಆರ್ದ್ರಾ ನಕ್ಷತ್ರ ಅಂದೆ. 'ಡಿಸೆಂಬರಲ್ಲಿ ಎಲ್ಲಿಯ ಆರಿದ್ರೆ?' ಅಂತ ನಕ್ಕರು.

ಅಂಗಳದಲ್ಲಿ ಆಗುವುದಿಲ್ಲ. ಈ ದಿನಗಳಲ್ಲಿ ಮೇಲೆ ಅಡಿಕೆ ಒಣಗಿಸುವ ದಬ್ಬೆ ಚಪ್ಪರ, ಆಕಾಶದ ಬದಲು ಅಡಿಕೆಯೇ ಕಾಣುತ್ತದೆ. ಪಕ್ಕದಲ್ಲಿ ಅಡಿಕೆ ಬೇಯಿಸುವ ಹಂಡೆಯ ಹೊಗೆ ಬೇರೆ. ಗದ್ದೆ ಬಯಲಿಗೆ ಕರೆದುಕೊಂಡು ಹೋದೆ. ಟಾರ್ಚ್ ಆರಿಸಿದೆ. ಪೂರ್ವಕ್ಕೆ ಮಹಾವ್ಯಾಧ, ಅಂದರೆ ಓರಿಯನ್ ನಕ್ಷತ್ರಪುಂಜ, ಎದ್ದಿದ್ದ. ಮೂರು ನಕ್ಷತ್ರದ ಸೊಂಟಪಟ್ಟಿ, ಅದರ ಎಡಕ್ಕೆ ಕೆಂಪಗೆ ಕೆಂಡದ ಹಾಗೆ ಒಂದು. ಅದೇ ಆರ್ದ್ರೆ ಅಂದೆ.

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ಹಂಗಾರೆ ಮಳೆಗಾಲದಲ್ಲಿ ಇದು ಎಲ್ಲಿರ್ತು?' ಅಂತ ಕೇಳಿದರು. ಆರ್ದ್ರಾ ಮಳೆ ಅಂದರೆ ಸೂರ್ಯ ಆ ನಕ್ಷತ್ರದ ಹತ್ತಿರ ಇರುವ ದಿನಗಳು, ಜೂನ್ 21, 22ರಿಂದ ಶುರು. ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಮೋಡವೇ ಇಲ್ಲದಿದ್ದರೂ ಆಗ ಕಾಣುವುದಿಲ್ಲ. ಆರು ತಿಂಗಳ ನಂತರ, ಈಗ, ರಾತ್ರಿಯಿಡೀ ಕಾಣುತ್ತದೆ. ಗದ್ದೆಯ ಬದುವಿನಲ್ಲಿ ನಿಂತು ನಾನೇ ಸೂರ್ಯ, ಅವರೇ ಭೂಮಿ ಅಂತ ಸುತ್ತು ಬಂದು ತೋರಿಸಿದೆ. ಅರ್ಥವಾಯಿತು. 'ಅಂದ್ರೆ ಯಾವ ಮಳೆಯೋ ಆ ನಕ್ಷತ್ರವೇ ಆಗ ಕಾಣ್ತಿಲ್ಲೆ' ಅಂದರು. ಎಪ್ಪತ್ಮೂರು ವರ್ಷ ಹೆಸರು ಹೇಳಿದ ನಕ್ಷತ್ರವನ್ನು ಮೊದಲ ಸಲ ನೋಡಿದ್ದು.

ಆ ಆರ್ದ್ರೆ 2019ರ ಕೊನೆಗೆ ಶುರುವಾಗಿ 2020ರ ಫೆಬ್ರವರಿವರೆಗೆ ಮಂಕಾಗಿತ್ತು, ಧೂಳು ಮುಚ್ಚಿ. ಸೂರ್ಯನ ಜಾಗದಲ್ಲಿ ಅದನ್ನಿಟ್ಟರೆ ಮಂಗಳನ ದಾರಿಯೂ ಅದರ ಹೊಟ್ಟೆಯೊಳಗೆ ಬರುತ್ತದೆ. ಅದನ್ನೂ ಹೇಳಿದೆ. ಅದಕ್ಕೆ ಅವರು ಅಷ್ಟೇನೂ ಬೆರಗಾಗಲಿಲ್ಲ. ಈಗ ದಿನಾ ರಾತ್ರಿ ಊಟ ಆದ ಮೇಲೆ ಗದ್ದೆಗೆ ಹೋಗಿ 'ಮೃಗಶಿರ ಬಂತು, ಆರಿದ್ರೆ ಬಂತು' ಅಂತ ಹಾಜರಿ ಕರೆದು ಬರುತ್ತಾರೆ.

ನಿವೃತ್ತ ಮಾಸ್ತರ — 11 ಡಿಸೆಂಬರ್, ರಾತ್ರಿ 8:30

ಇದನ್ನು ಓದಿ ನನ್ನದೂ ಹೇಳಬೇಕು ಅನ್ನಿಸಿತು. ಇಲ್ಲಿಯವರೆಗೆ ಬರೆದಿಲ್ಲ.

1980ರ ಫೆಬ್ರವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣ. ಚಂದ್ರನ ನೆರಳು ಅರಬ್ಬೀ ಸಮುದ್ರ ದಾಟಿ ಭಾರತದ ನೆಲ ಮುಟ್ಟಿದ್ದು ನಮ್ಮ ಕರಾವಳಿಯಲ್ಲೇ, ಕಾರವಾರ, ಅಂಕೋಲೆಯ ಕಡೆ. ಅಲ್ಲಿಂದ ರಾಯಚೂರು, ಆಂಧ್ರ, ಪುರಿ. ವಿಜ್ಞಾನಿಗಳು ಹುಬ್ಬಳ್ಳಿ, ರಾಯಚೂರು ಕಡೆ ಬಂದು ಯಂತ್ರ ಹೂಡಿದ್ದರು. ಅಂಥ ಗ್ರಹಣಕ್ಕೆ ಜಗತ್ತಿನ ಜನ ವಿಮಾನ ಹತ್ತಿ ಬರುತ್ತಾರೆ. ನಾನು ಅಂಕೋಲೆಯಲ್ಲಿದ್ದೆ, ಹದಿನೈದು ವರ್ಷ, ಹೈಸ್ಕೂಲು. ಮತ್ತು ನಾನು ಅದನ್ನು ನೋಡಲಿಲ್ಲ.

ಅಜ್ಜಿ ಮಧ್ಯಾಹ್ನವೇ ನಮ್ಮನ್ನೆಲ್ಲ ನಡುಮನೆಗೆ ಸೇರಿಸಿ ಬಾಗಿಲು ಹಾಕಿದರು. ಕಿಟಕಿಗೆ ಗೋಣಿ ಚೀಲ. ನೀರಿನ ಹಂಡೆಗೆ ದರ್ಭೆ. ನಾನು ಅತ್ತೆ, ಕೂಗಾಡಿದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮೂರು ಗಂಟೆಯ ನಂತರ ಒಳಗಿನ ಬಿಸಿಲೂ ಒಂಥರಾ ಸಪ್ಪೆಯಾಯಿತು. ಸಗಣಿ ಸಾರಿಸಿದ ನೆಲದ ಮೇಲೆ ಮಲಗಿ ಅಳುತ್ತಿದ್ದೆ. ನಮ್ಮದು ಹೆಂಚಿನ ಮನೆ. ಹೆಂಚಿನ ಸಂದಿಯಿಂದ ನೆಲದ ಮೇಲೆ ಬಿಸಿಲಿನ ಗುಂಡು ಬಿಲ್ಲೆಗಳು ಬೀಳುತ್ತವಲ್ಲ, ದಿನಾ ನೋಡುವವು, ಅವತ್ತು ಅವು ಗುಂಡಗಿರಲಿಲ್ಲ. ಎಲ್ಲವೂ ಕುಡುಗೋಲು. ಹತ್ತು ಹನ್ನೆರಡು ಕುಡುಗೋಲು, ಎಲ್ಲವೂ ಒಂದೇ ಕಡೆಗೆ ಬಾಗಿದವು. ತಂಗಿಯ ಲಂಗದ ಮೇಲೂ ಒಂದು. ನಾನು ನೋಡುತ್ತಿದ್ದ ಹಾಗೆ ಅವು ಸಣ್ಣಗಾಗಿ, ಉಗುರಿನ ತುದಿಯಷ್ಟಾಗಿ, ಒಟ್ಟಿಗೇ ಆರಿಹೋದವು. ಹೊರಗೆ ಕಾಗೆಗಳು ಗದ್ದಲ ಮಾಡಿ ಸುಮ್ಮನಾದವು. ಪೂರ್ತಿ ಕತ್ತಲೆ. ಅಜ್ಜಿ ಜಪ ಮಾಡುವುದು ಮಾತ್ರ ಕೇಳುತ್ತಿತ್ತು. ಎರಡು ನಿಮಿಷಕ್ಕೂ ಜಾಸ್ತಿ. ಆಮೇಲೆ ಅದೇ ಜಾಗಗಳಲ್ಲಿ ಮತ್ತೆ ಗೆರೆ ಮೂಡಿತು. ಈ ಸಲ ಕುಡುಗೋಲು ಉಲ್ಟಾ ಬಾಗಿತ್ತು.

ಡಿಗ್ರಿಯಲ್ಲಿ ಸೂಜಿರಂಧ್ರ ಕ್ಯಾಮೆರಾ ಪಾಠ ಬಂದ ದಿನ ಬೆಂಚಿನಿಂದ ಎದ್ದು ನಿಂತುಬಿಟ್ಟಿದ್ದೆ. ನಮ್ಮ ಮಾಡಿನ ಒಂದೊಂದು ಸಂದಿಯೂ ಒಂದೊಂದು ಕ್ಯಾಮೆರಾ. ಅಜ್ಜಿ ನನ್ನನ್ನು ಕೂಡಿಹಾಕಿದ್ದು ಅದರೊಳಗೆ.

ಪೂರ್ತಿ ಮುಚ್ಚಿದ ಸೂರ್ಯನ ಸುತ್ತ ಕಾಣುವ ಪ್ರಭೆ, ಆ ಕೊರೋನಾ ನೋಡಲಿಲ್ಲ ಅನ್ನುವ ಸಂಕಟ ಈಗಲೂ ಇದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣಕ್ಕೆ ಮಂಗಳೂರಿಗೆ ಹೋದೆ. ಚೆನ್ನಾಗಿತ್ತು, ಆದರೆ ಕಂಕಣದಲ್ಲಿ ಕತ್ತಲೆಯಾಗುವುದಿಲ್ಲ, ಅದು ಬೇರೆಯೇ.

ಬೋಟಿನವ — 11 ಡಿಸೆಂಬರ್, ರಾತ್ರಿ 9:14

ಮಾಸ್ತರೇ, ಆ ದಿನ ನನ್ನ ಅಪ್ಪ ಕಡಲಿನಲ್ಲಿದ್ದ. ನೀರಿನ ಮೇಲೆ ಪಶ್ಚಿಮದಿಂದ ಕಪ್ಪಗೆ ಏನೋ ಬಂತು, ಬಿರುಗಾಳಿ ಅಂದುಕೊಂಡು ಹಾಯಿ ಇಳಿಸಿದೆವು ಅಂತ ಹೇಳುತ್ತಿದ್ದ. ಗಾಳಿ ಬರಲಿಲ್ಲವಂತೆ.

ಸುಮ್ನೆ ಕೇಳ್ತಿದ್ದೇನೆ — 12 ಡಿಸೆಂಬರ್, ಬೆಳಿಗ್ಗೆ 10:05

ಮುಂದಿನ ಗ್ರಹಣ ಯಾವಾಗ ಹಾಗಾದರೆ?

ಘಟ್ಟದ ಮೇಲಿನವ — 12 ಡಿಸೆಂಬರ್, ಬೆಳಿಗ್ಗೆ 10:22

ಮಾರ್ಚ್ 3ಕ್ಕೆ ಚಂದ್ರಗ್ರಹಣ ಇದೆ. ಆದರೆ ನಮಗೆ ಚಂದ್ರ ಹುಟ್ಟುವ ಹೊತ್ತಿಗೆ ಮುಗಿಯುತ್ತಾ ಬಂದಿರುತ್ತದೆ. ಕರಾವಳಿಯವರಿಗೆ ಪೂರ್ವಕ್ಕೆ ಘಟ್ಟ ಬೇರೆ ಅಡ್ಡ. ಆಸೆ ಇಟ್ಟುಕೊಳ್ಳಬೇಡಿ.

ಕುಮಟೆ ಅಕ್ಕೋರು — 14 ಡಿಸೆಂಬರ್, ಬೆಳಿಗ್ಗೆ 6:10

ನನ್ನ ಲೆಕ್ಕ: ರಾತ್ರಿ ಹನ್ನೊಂದರಿಂದ ಒಂದರವರೆಗೆ 27. ತೆಂಗಿನ ಸಂದಿಯ ಆಕಾಶಕ್ಕೆ ಇದು ಮೋಸವಿಲ್ಲ. ಒಂದಂತೂ ಹಸಿರು ಮಿಶ್ರ ಬಿಳಿ, ನಾಯಿಗಳು ಬೊಗಳಿದವು. ಉಲ್ಕೆಗೆ ಬೊಗಳಿದವೋ ನನ್ನ ಕೂಗಿಗೋ ಗೊತ್ತಿಲ್ಲ.

ಘಟ್ಟದ ಮೇಲಿನವ — 14 ಡಿಸೆಂಬರ್, ಬೆಳಿಗ್ಗೆ 7:30

ಇಲ್ಲಿ ಹನ್ನೆರಡೂವರೆಗೆ ಮಂಜು ಇಳಿದು ಎಲ್ಲ ಮುಚ್ಚಿತು. ಅಷ್ಟರಲ್ಲಿ ನನಗೆ 40, ಅಪ್ಪಯ್ಯನಿಗೆ 52. ಅವರ ಎಣಿಕೆಯ ಮೇಲೆ ನನಗೆ ಅನುಮಾನ ಇದೆ.

ಕೋಡಿಬಾಗದವ — 14 ಡಿಸೆಂಬರ್, ಬೆಳಿಗ್ಗೆ 9:45

ಟೆರೇಸಿನಲ್ಲೇ ಚಾಪೆ ಹಾಕಿದೆವು. ಬೀದಿ ದೀಪ ಮರೆಯಾಗುವ ಹಾಗೆ ಟ್ಯಾಂಕಿನ ಹಿಂದೆ, ಕೊನೆಗೂ ಆ ಟ್ಯಾಂಕ್ ಉಪಯೋಗಕ್ಕೆ ಬಂತು. ಮನೆಯವರೆಲ್ಲ ಸೇರಿ 19. ಬಂದರಿನ ಬೆಳಕಿನಲ್ಲಿ ಅಷ್ಟೇ.

ಆಯಿ ಒಂಬತ್ತೂವರೆಗೆ ಕಂಬಳಿ ಹೊದ್ದು ಬಂದಳು. ಮೊದಲು ಗುರುವನ್ನು ತೋರಿಸಿದೆ, ಅದಕ್ಕೆ ಅವಳ ಅಡ್ಡಿ ಇರಲಿಲ್ಲ. ಒಂದು ಕಣ್ಣು ಮುಚ್ಚುವುದು ಬರುವುದಿಲ್ಲ, ಸೆರಗಿನಿಂದ ಮುಚ್ಚಿಕೊಂಡು ನೋಡಿದಳು. 'ಮರಿಗಳ ಜೊತೆ ಇದ್ದಾನೆ' ಅಂದಳು. ಆಮೇಲೆ ತಾನಾಗಿಯೇ, 'ಆ ಇನ್ನೊಬ್ಬ ಎಲ್ಲಿ?' ಅಂತ ಕೇಳಿದಳು. ಸಮುದ್ರದ ಕಡೆ ಇಳಿಯುತ್ತಿದ್ದಾನೆ ಅಂದೆ. ಸ್ವಲ್ಪ ಯೋಚನೆ ಮಾಡಿ, 'ಬರುವಾಗ ನೋಡಬಾರದು. ಹೋಗುವಾಗ ನೋಡಿದರೆ ಅಡ್ಡಿಯಿಲ್ಲ' ಅಂದಳು. ಇದು ಯಾವ ಶಾಸ್ತ್ರದಲ್ಲಿದೆಯೋ. ಕೊಳವೆ ತಿರುಗಿಸಿ ಹಿಡಿದುಕೊಟ್ಟೆ.

ತುಂಬಾ ಹೊತ್ತು ನೋಡಿದಳು. 'ಇಷ್ಟೇನಾ? ಇವನಿಗಾ ನಾನು ಇಷ್ಟು ವರ್ಷ ಎಳ್ಳೆಣ್ಣೆ ಸುರಿದದ್ದು?'

ನಿವೃತ್ತ ಮಾಸ್ತರ — 14 ಡಿಸೆಂಬರ್, ಬೆಳಿಗ್ಗೆ 9:58

ನಿಮ್ಮ ಆಯಿಗೆ ಹೇಳು, 2032ರಲ್ಲಿ ಇನ್ನೊಮ್ಮೆ ನೋಡಲಿಕ್ಕೆ.

ಘಟ್ಟದ ಮೇಲಿನವ — 14 ಡಿಸೆಂಬರ್, ಬೆಳಿಗ್ಗೆ 10:20

ರಾತ್ರಿ ಒಳಗೆ ತಂದ ಕೂಡಲೇ ಲೆನ್ಸಿಗೆ ಮುಚ್ಚಳ ಹಾಕಿದ್ದೀಯಾ? ಹಾಕಿದ್ದರೆ ಈಗಲೇ ತೆಗೆ. ಇಬ್ಬನಿ ಒಳಗೇ ಕೂತಿರುತ್ತದೆ. ಫ್ಯಾನಿನ ಕೆಳಗೆ ಒಂದು ತಾಸು ಇಡು, ಆಮೇಲೆ ಡಬ್ಬ.

ಕೋಡಿಬಾಗದವ — 14 ಡಿಸೆಂಬರ್, ಬೆಳಿಗ್ಗೆ 10:21

ಹಾಕಿದ್ದೆ. ಓಡಿದೆ.